ಲೆಟ್ಯೂಸ್ ಸೋತ ಮಡಿಯಲ್ಲಿ

ಮೊದಲ ಬೇಸಿಗೆಯಲ್ಲಿ ನಾನು ಬೆಳೆದದ್ದು ಲೆಟ್ಯೂಸ್ ಅಲ್ಲ, ಲೆಟ್ಯೂಸಿನ ಹೂವು. ಮೊಣಕಾಲೆತ್ತರದ ದಂಟು, ತುದಿಯಲ್ಲಿ ಸಣ್ಣ ಹಳದಿ ಹೂಗಳ ಗೊಂಚಲು, ಬುಡದಲ್ಲಿ ನಾಲ್ಕಾರು ಸಪ್ಪೆ ಮೋರೆಯ ಎಲೆಗಳು. ಒಂದನ್ನು ಕಿತ್ತು ಬಾಯಿಗಿಟ್ಟುಕೊಂಡೆ. ಬೇವಿನ ಚಿಗುರಾದರೂ ವಾಸಿ ಎನ್ನುವಷ್ಟು ಕಹಿ. ಕಿತ್ತ ಜಾಗದಿಂದ ಬಿಳಿ ಹಾಲು ಒಸರುತ್ತಿತ್ತು. ಈ ಗಿಡದ ಸಸ್ಯನಾಮವಾದ ಲ್ಯಾಕ್ಟುಕಾ ಬಂದಿರುವುದೇ ಹಾಲು ಎಂಬರ್ಥದ ಲ್ಯಾಟಿನ್ ಪದದಿಂದ. ಕಹಿಯೆಲ್ಲ ಆ ಹಾಲಿನಲ್ಲಿ ಇರುತ್ತದೆ. ಗಿಡ ಹೂ ಬಿಡಲು ಹೊರಟಾಗ ಅದು ಇನ್ನಷ್ಟು ಹೆಚ್ಚುತ್ತದೆ.

ಸೋಲು ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ. ಹಸಿರು ನೆರಳು ಪರದೆ ಕಟ್ಟಿದೆ, ದಿನಕ್ಕೆ ಎರಡು ಸಲ ನೀರು ಹಾಕಿದೆ, ಮತ್ತೆ ಬೀಜ ಬಿತ್ತಿದೆ. ಈ ಸಲ ಮೊಳಕೆಯೇ ಬರಲಿಲ್ಲ. ಬೀಜ ಹಳೆಯದಿರಬೇಕು ಎಂದುಕೊಂಡು ಹೊಸ ಪೊಟ್ಟಣ ತಂದೆ. ಅದೂ ಏಳಲಿಲ್ಲ. ಮಣ್ಣು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೆಟ್ಯೂಸಿನ ಬಹಳಷ್ಟು ತಳಿಗಳ ಬೀಜ ಮೊಳೆಯಲು ಒಪ್ಪುವುದೇ ಇಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ಬೀಜ ಸತ್ತಿರುವುದಿಲ್ಲ, ಈಗ ಹುಟ್ಟಿದರೆ ಉಳಿಗಾಲವಿಲ್ಲ ಎಂದು ಸುಮ್ಮನಿರುತ್ತದೆ. ಅದಕ್ಕಿದ್ದ ವಿವೇಕ ನನಗಿರಲಿಲ್ಲ.

ಅಸಲಿಗೆ ನನ್ನ ತಪ್ಪು ನೀರಿನದೂ ಅಲ್ಲ, ನೆರಳಿನದೂ ಅಲ್ಲ. ಸೊಪ್ಪು ಎಂದರೆ ಎಲ್ಲವೂ ಒಂದೇ ಎಂದುಕೊಂಡಿದ್ದೆ. ನಮ್ಮ ಭಾಷೆಯಲ್ಲಿ ಪದ ಒಂದೇ ಇರುವುದರಿಂದ ಹಾಗಾಗಿರಲೂಬಹುದು. ತಿನ್ನುವ ಎಲೆ ಯಾವುದಾದರೂ ಸೊಪ್ಪು. ಆದ್ದರಿಂದ ಎಲ್ಲಕ್ಕೂ ಒಂದೇ ಮಡಿ, ಒಂದೇ ಆರೈಕೆ, ಒಂದೇ ಬಾಣಲೆ. ತೋಟದಲ್ಲಿ ಮಾಡಿದ ಈ ತಪ್ಪನ್ನೇ ಆಮೇಲೆ ಒಲೆಯ ಮುಂದೆಯೂ ಮಾಡಿದೆ.

ಮಡಿಯ ಆ ಕಡೆ, ನೆರಳು ಪರದೆಯಿಂದ ಆಚೆ, ಯಾರೂ ಬಿತ್ತದ ದಂಟಿನ ಗಿಡವೊಂದು ಎದ್ದಿತ್ತು. ನೀರಿಲ್ಲ, ಗೊಬ್ಬರವಿಲ್ಲ, ನಡುಮಧ್ಯಾಹ್ನದ 38 ಡಿಗ್ರಿ ಬಿಸಿಲಿನಲ್ಲಿ ಎಲೆ ಅಗಲಿಸಿಕೊಂಡು ನಿಂತಿತ್ತು. ಅತ್ತೆಯವರು ಅದನ್ನು ತೋರಿಸಿ, "ಬೇಡಬೇಡ ಅಂದರೂ ಬರುವುದನ್ನು ಬಿಟ್ಟು, ಬಾ ಬಾ ಅಂದರೂ ಬಾರದ್ದಕ್ಕೆ ಕೊಡೆ ಹಿಡಿದು ನಿಂತಿದ್ದೀಯಲ್ಲ" ಎಂದರು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಇವೆರಡು ಗಿಡಗಳ ನಡುವಿನ ಅಂತರ ಎಲೆಯ ಒಳಗಿದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುವ ಕೆಲಸ ರುಬಿಸ್ಕೋ ಎಂಬ ಕಿಣ್ವದ್ದು. ಸೆಖೆ ಏರಿದಂತೆ ಇದಕ್ಕೆ ಮಂಪರು ಹತ್ತುತ್ತದೆ. ಇಂಗಾಲದ ಡೈಆಕ್ಸೈಡ್ ಎಂದುಕೊಂಡು ಆಮ್ಲಜನಕವನ್ನು ಹಿಡಿಯುವುದು ಹೆಚ್ಚುತ್ತದೆ. ಆ ತಪ್ಪನ್ನು ಸರಿಪಡಿಸಲು ಗಿಡ ಕೂಡಿಟ್ಟ ಶಕ್ತಿಯನ್ನೇ ಖರ್ಚು ಮಾಡಬೇಕಾಗುತ್ತದೆ. ಲೆಟ್ಯೂಸಿನ ಪಾಡು ಇದು. ದಂಟು ಹಾಗಲ್ಲ. ಅದು ಇಂಗಾಲದ ಡೈಆಕ್ಸೈಡನ್ನು ಮೊದಲು ಬೇರೊಂದು ಕಿಣ್ವದಿಂದ ಹಿಡಿದು, ಎಲೆನರಗಳ ಸುತ್ತಲಿನ ಕೋಶಗಳಲ್ಲಿ ಒತ್ತೊತ್ತಾಗಿ ತುಂಬಿ, ರುಬಿಸ್ಕೋಗೆ ತಪ್ಪು ಮಾಡಲು ಅವಕಾಶವೇ ಇಲ್ಲದಂತೆ ಮಾಡುತ್ತದೆ. ಸಿ4 ಎಂದು ಕರೆಯುವ ಈ ಏರ್ಪಾಡು ಮೆಕ್ಕೆಜೋಳದಲ್ಲೂ ಕಬ್ಬಿನಲ್ಲೂ ಇದೆ. ಇಷ್ಟು ತಿಳಿದ ಮೇಲೆ ಪರದೆ ಬಿಚ್ಚಿ ಮಡಚಿಟ್ಟೆ.

ದಂಟು ತಾನಾಗಿ ಬಂದಾಗ ಬಲು ಸುಲಭ. ಬಿತ್ತಿ ಬೆಳೆಯಲು ಹೊರಟಾಗ ಹಾಗಲ್ಲ. ಬೀಜ ರಾಗಿಗಿಂತಲೂ ಸಣ್ಣದು, ಒಂದು ಗ್ರಾಮಿನಲ್ಲಿ ಸಾವಿರಕ್ಕೂ ಹೆಚ್ಚು. ನಾನು ಅರ್ಧ ಚಮಚ ಬೀಜವನ್ನು ಒಂದೇ ಕುಂಡಕ್ಕೆ ಸುರಿದು ಮೇಲೆ ಒಂದು ಬೆರಳು ಮಣ್ಣು ಮುಚ್ಚಿದೆ. ಅರ್ಧವನ್ನು ಇರುವೆಗಳು ಸಾಲುಗಟ್ಟಿ ಹೊತ್ತುಕೊಂಡು ಹೋದವು. ಉಳಿದದ್ದರಲ್ಲಿ ಮೇಲೆ ಬಂದವು ಕೂದಲಿನಂತೆ ಒತ್ತಾಗಿ ಎದ್ದು, ಬುಡ ಕೊಳೆತು, ಎರಡು ದಿನದಲ್ಲಿ ಮಲಗಿಬಿಟ್ಟವು. ಸಸಿಗಳು ಒತ್ತಾಗಿದ್ದು ಮಣ್ಣು ಸದಾ ತೇವವಾಗಿದ್ದರೆ ಶಿಲೀಂಧ್ರಗಳಿಗೆ ಹಬ್ಬ.

ಎರಡನೆಯ ಸಲ ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ, ಉಪ್ಪು ಉದುರಿಸಿದಂತೆ ತೆಳ್ಳಗೆ ಉದುರಿಸಿದೆ. ಮೇಲೆ ಮಣ್ಣು ಮುಚ್ಚದೆ ಅಂಗೈಯಿಂದ ಹಗುರವಾಗಿ ಒತ್ತಿದೆ. ಹಳೆಯ ಗೋಣಿಚೀಲವನ್ನು ಒದ್ದೆ ಮಾಡಿ ಹೊದಿಸಿದೆ. ನಾಲ್ಕನೆಯ ದಿನ ಚೀಲ ಎತ್ತಿ ನೋಡಿದರೆ ಮಡಿಯಿಡೀ ಕೆಂಪು ಚುಕ್ಕಿ. ಅಂದೇ ಚೀಲ ತೆಗೆದೆ; ಒಂದು ದಿನ ತಡವಾಗಿದ್ದರೂ ಸಸಿಗಳು ಬೆಳಕಿಗೆ ಹಂಬಲಿಸಿ ನೂಲಿನಂತೆ ಎಳೆದುಕೊಂಡುಬಿಡುತ್ತಿದ್ದವು. ಎರಡು ವಾರದ ನಂತರ ಒತ್ತಾದ ಕಡೆ ಸಸಿಗಳನ್ನು ಬೇರುಸಮೇತ ಕಿತ್ತು ತೆಳುಗೊಳಿಸಿದೆ. ಆ ಎಳೆಸಸಿಗಳೇ ಮೊದಲ ಕೊಯ್ಲು. ನಾಲ್ಕು ವಾರಕ್ಕೆ ಉಳಿದ ಗಿಡಗಳು ಗೇಣುದ್ದ ಮೀರಿದವು. ಬುಡದಲ್ಲಿ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿದೆ; ಪ್ರತಿ ಗೆಣ್ಣಿನಿಂದಲೂ ಕವಲು ಒಡೆದು, ಹನ್ನೆರಡು ದಿನಕ್ಕೆ ಮತ್ತೊಂದು ಕೊಯ್ಲು ಬಂತು. ಹೀಗೆ ನಾಲ್ಕು ಸಲ ಕೊಯ್ದೆ. ಆಮೇಲೆ ತುದಿಯಲ್ಲಿ ತೆನೆ ಕಾಣಿಸಿಕೊಂಡಿತು. ತೆನೆ ಬಂದ ಮೇಲೆ ಎಲೆಯ ಆಸೆ ಬಿಡಬೇಕು.

ನಡುವೆ ಒಂದು ಅತಿಬುದ್ಧಿ ಮಾಡಿದೆ. ಇಷ್ಟು ಚೆನ್ನಾಗಿ ಬರುತ್ತಿದೆಯಲ್ಲ, ಇನ್ನೂ ಚೆನ್ನಾಗಿ ಬರಲಿ ಎಂದು ಯೂರಿಯಾ ಕರಗಿಸಿ ಹಾಕಿದೆ. ಎಲೆಗಳು ಕಡು ಹಸಿರಾಗಿ ಊದಿಕೊಂಡವು. ಅದರ ಹಿಂದೆಯೇ ಕುಡಿಗಳಿಗೆ ಹೇನು ಮುತ್ತಿತು. ಸಾರಜನಕ ಹೆಚ್ಚಾದ ಮೆತ್ತನೆಯ ಕುಡಿ ಹೇನಿಗೆ ಔತಣ. ಅಷ್ಟೇ ಅಲ್ಲ, ಮಿಕ್ಕ ಸಾರಜನಕವನ್ನು ದಂಟು ನೈಟ್ರೇಟ್ ರೂಪದಲ್ಲಿ ಎಲೆ ಮತ್ತು ಕಾಂಡದಲ್ಲಿ ಕೂಡಿಟ್ಟುಕೊಳ್ಳುತ್ತದೆ. ತಿನ್ನುವ ನಮಗೆ ಅದು ಒಳ್ಳೆಯದಲ್ಲ. ಆ ಒಂದು ಕೊಯ್ಲನ್ನು ಗೊಬ್ಬರದ ಗುಂಡಿಗೆ ಹಾಕಿ, ಮುಂದೆ ಕೊಳೆತ ಎಲೆಗೊಬ್ಬರಕ್ಕೇ ಅಂಟಿಕೊಂಡೆ. ಎಲೆ ಸುತ್ತಿಕೊಂಡು ಒಳಗೆ ಕುಳಿತಿರುತ್ತಿದ್ದ ಹಸಿರು ಹುಳುಗಳನ್ನು ಬೆಳಗ್ಗೆ ಕೈಯಿಂದಲೇ ಆರಿಸಿದೆ. ಇದಕ್ಕಿಂತ ಉತ್ತಮ ಉಪಾಯ ನನಗೆ ಸಿಗಲಿಲ್ಲ.

ಬಸಳೆಯ ಕಥೆ ಬೇರೆ. ಬೀಜ ಹಾಕಿ ಹದಿನೈದು ದಿನ ಕಾದೆ. ಏನೂ ಇಲ್ಲ. ಕೆದಕಿ ನೋಡಿದರೆ ಬೀಜ ಹಾಕಿದ ಹಾಗೆಯೇ ಕಲ್ಲಿನಂತಿತ್ತು. ಅದರ ಸಿಪ್ಪೆ ಗಟ್ಟಿ. ಮರಳು ಕಾಗದಕ್ಕೆ ನಾಲ್ಕು ಸಲ ಉಜ್ಜಿ, ರಾತ್ರಿಯಿಡೀ ನೆನೆಸಿ ಮತ್ತೆ ಹಾಕಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಬೇಲಿಯ ಮೇಲಿಂದ ಒಂದು ಮಾರು ಬಳ್ಳಿ ಚಾಚಿ, "ಬೀಜ ಯಾಕಮ್ಮ ಹಾಕುತ್ತೀಯ, ಇದನ್ನು ಚುಚ್ಚು ಸಾಕು" ಎಂದರು. ಮೂರು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಲೋಟದ ನೀರಿನಲ್ಲಿಟ್ಟೆ. ವಾರದಲ್ಲಿ ಬಿಳಿ ಬೇರು ಇಳಿಯಿತು. ಉಜ್ಜಿ ನೆನೆಸಿದ ಬೀಜಗಳೂ ಕೊನೆಗೆ ಮೊಳೆತವು. ಆದರೆ ಆ ಹೊತ್ತಿಗೆ ಕಡ್ಡಿಗಳು ಕಿಟಕಿಯ ಸರಳು ಹಿಡಿದಿದ್ದವು.

ಎರಡು ಗಿಡಗಳನ್ನು ನೆಲದಲ್ಲಿ ನೆಟ್ಟೆ, ಎರಡನ್ನು ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿಟ್ಟು ಕಾಂಕ್ರೀಟಿನ ಮೇಲಿರಿಸಿದೆ. ನೆಲದವು ವಾರಕ್ಕೆ ಮೊಳದುದ್ದ ಹಬ್ಬುತ್ತಿದ್ದವು. ಕುಂಡದವು ಪ್ರತಿ ಮಧ್ಯಾಹ್ನ ಜೋತುಬಿದ್ದು ನಿಲ್ಲುತ್ತಿದ್ದವು. ಜೋತುಬಿದ್ದದ್ದಕ್ಕೆ ನೀರು ಹಾಕಿದೆ. ಮರುದಿನ ಇನ್ನೂ ಜೋತುಬಿದ್ದವು. ಇನ್ನೂ ನೀರು ಹಾಕಿದೆ. ಎಲೆಗಳು ಹಳದಿಯಾದವು. ಬಿಸಿಲನ್ನು ಇಷ್ಟಪಡುವ ಗಿಡ ಬಿಸಿಲಿಗೆ ಸೋಲುವುದೆಂದರೇನು ಎಂದು ತಲೆ ಕೆಟ್ಟು, ಒಂದು ಮಧ್ಯಾಹ್ನ ಬೆರಳನ್ನು ಮಣ್ಣಿಗೆ ತೂರಿಸಿದೆ. ಒದ್ದೆ ಮಣ್ಣು ಸ್ನಾನದ ನೀರಿನಂತೆ ಬಿಸಿಯಾಗಿತ್ತು. ಬಿಸಿಲು ಬೇಕಾದದ್ದು ಎಲೆಗೆ. ಬೇರಿಗೆ ಬೇಕಾದದ್ದು ತಂಪು. ನೆಲದಲ್ಲಿ ಒಂದು ಗೇಣು ಕೆಳಗೆ ಅದು ತಾನಾಗಿಯೇ ಸಿಗುತ್ತದೆ. ಕಪ್ಪು ಕುಂಡವಾದರೋ ಬದಿಯಿಂದ ಕಾಯುತ್ತದೆ, ಕೆಳಗಿನ ಕಾಂಕ್ರೀಟಿನಿಂದಲೂ ಕಾಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ನಾನು ಸುರಿದಷ್ಟೂ ಬೇರಿಗೆ ಉಸಿರು ಕಟ್ಟುತ್ತಿತ್ತು.

ಕುಂಡವನ್ನು ಅದಕ್ಕಿಂತ ದೊಡ್ಡದಾದ ಇನ್ನೊಂದು ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಒಣ ಎಲೆ ತುಂಬಿದೆ. ಅಡಿಗೆ ಎರಡು ಇಟ್ಟಿಗೆ ಕೊಟ್ಟೆ. ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಒಣಹುಲ್ಲು ಹಾಸಿದೆ. ನೀರು ಬೆಳಗಿನ ಹೊತ್ತು ಮಾತ್ರ, ಬುಡಕ್ಕೆ ಮಾತ್ರ. ಹತ್ತು ದಿನಕ್ಕೆ ಹೊಸ ಕುಡಿ ಬಂತು. ಇಡೀ ಬೇಸಿಗೆಯಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಯಾವುದು ಎಂದರೆ ಆ ಬೆರಳು ತೂರಿಸಿದ್ದು.

ಗೋಣಿಸೊಪ್ಪಿನ ಬಗ್ಗೆ ಹೇಳಲು ನಾಚಿಕೆಯಾಗುತ್ತದೆ. ಎರಡು ತಿಂಗಳು ಅದನ್ನು ಕಳೆಯೆಂದು ಕಿತ್ತು ಬದುವಿನ ಮೇಲೆ ಎಸೆದಿದ್ದೆ. ಎಸೆದಲ್ಲೇ ಅದು ಮತ್ತೆ ಬೇರು ಬಿಡುತ್ತಿತ್ತು; ತುಂಡಾದಷ್ಟೂ ಗಿಡಗಳು. ಅತ್ತೆಯವರು ಒಂದು ದಿನ ಆ ರಾಶಿಯಿಂದಲೇ ಒಂದು ಬುಟ್ಟಿ ಆರಿಸಿ ತಂದರು. ಕೆಂಪು ಛಾಯೆಯ ದಪ್ಪ ಕಾಂಡ, ನೀರು ತುಂಬಿದ ಪುಟ್ಟ ಎಲೆ, ನಿಂಬೆಯಂಥ ಹುಳಿ.

ಈ ಹುಳಿಯ ವಿಚಾರದಲ್ಲಿ ಒಂದು ತಮಾಷೆ ಗಮನಕ್ಕೆ ಬಂತು. ಬೆಳಗ್ಗೆ ಕೊಯ್ದದ್ದು ಹುಳಿ, ಅದೇ ಗಿಡದಿಂದ ಸಂಜೆ ಕೊಯ್ದದ್ದು ಸಪ್ಪೆ. ಬಾಯಿರುಚಿಯ ಭ್ರಮೆಯೇನೋ ಎಂದು ಮಗಳ ಕಣ್ಣು ಕಟ್ಟಿ, ಫ್ರಿಜ್ಜಿನಲ್ಲಿಟ್ಟಿದ್ದ ಬೆಳಗಿನದನ್ನೂ ಆಗಷ್ಟೇ ಕಿತ್ತ ಸಂಜೆಯದನ್ನೂ ತಿನ್ನಿಸಿದೆ. ಐದಕ್ಕೆ ಐದು ಸಲವೂ ಸರಿಯಾಗಿ ಹೇಳಿದಳು. ಭ್ರಮೆಯಲ್ಲ. ನೀರಿನ ಕೊರತೆಯಾದಾಗ ಗೋಣಿಸೊಪ್ಪು ಹಗಲಿನಲ್ಲಿ ಎಲೆರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಸೇರಿಸಿ ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಸಿರು ಸೇಬಿಗೆ ಹುಳಿ ಕೊಡುವುದೂ ಅದೇ ಆಮ್ಲ. ಹಗಲಿನಲ್ಲಿ ಅದನ್ನು ಒಡೆದು ಸಕ್ಕರೆ ಮಾಡಿಕೊಳ್ಳುವುದರಿಂದ ಸಂಜೆಗೆ ಹುಳಿ ಇಳಿದಿರುತ್ತದೆ. ನೀರು ಚೆನ್ನಾಗಿ ಸಿಕ್ಕರೆ ಅದು ದಂಟಿನಂತೆಯೇ ಸಿ4 ದಾರಿ ಹಿಡಿಯುತ್ತದೆ. ಒಂದೇ ಗಿಡದಲ್ಲಿ ಎರಡೂ ವಿದ್ಯೆ ಇರುವುದು ಸಸ್ಯಲೋಕದಲ್ಲಿ ಅಪರೂಪ. ಇಂಥದ್ದನ್ನು ಕಿತ್ತೆಸೆದು ನಾನು ಲೆಟ್ಯೂಸಿಗೆ ಕೊಡೆ ಹಿಡಿದಿದ್ದೆ!

ಆದರೆ ಕಂಡಲ್ಲೆಲ್ಲ ಕೀಳಬಾರದು. ನೆಲಕ್ಕೆ ಒರಗಿ ಬೆಳೆಯುವ ಯೂಫೋರ್ಬಿಯಾ ಜಾತಿಯ ಕಳೆಗಳು ಅದರ ಪಕ್ಕದಲ್ಲೇ ಇರುತ್ತವೆ, ದೂರದಿಂದ ಹಾಗೆಯೇ ಕಾಣುತ್ತವೆ, ಅವು ವಿಷ. ಕಾಂಡ ಮುರಿದು ನೋಡಬೇಕು. ಬಿಳಿ ಹಾಲು ಬಂದರೆ ಅದು ಗೋಣಿಸೊಪ್ಪಲ್ಲ.

ಇನ್ನು ಅಡುಗೆಮನೆ. ಬಸಳೆಯ ಮೊದಲ ಕೊಯ್ಲನ್ನು ತೊಳೆದು, ನೀರು ಸೋರುತ್ತಿರುವಾಗಲೇ ಸಣ್ಣಗೆ ಹೆಚ್ಚಿ, ಬಾಣಲೆಗೆ ಹಾಕಿ, ಉಪ್ಪು ಉದುರಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಟ್ಟೆ. ಹತ್ತು ನಿಮಿಷದ ನಂತರ ಮುಚ್ಚಳ ತೆಗೆದರೆ ಸೌಟಿನಿಂದ ತಟ್ಟೆಯ ತನಕ ಎಳೆ. ಮಗಳು ಅದನ್ನು ಎತ್ತಿ ಹಿಡಿದು, "ಅಮ್ಮ, ಇದು ಮೂಗಿನಿಂದ ಬರುವುದಲ್ಲವೇ?" ಎಂದು ಕೇಳಿ ತಟ್ಟೆ ದೂಡಿದಳು. ಮನೆಯ ಹಿರಿಯರ ಮುಖವೂ ಅವಳ ಪರವಾಗಿಯೇ ಇತ್ತು.

ಲೋಳೆಗೆ ಬೇಕಾದ ನಾಲ್ಕನ್ನೂ ನಾನೇ ಒದಗಿಸಿದ್ದೆ. ಬಸಳೆಯ ಲೋಳೆ ನೀರನ್ನು ಹಿಡಿದು ಊದುವ ಒಂದು ಬಗೆಯ ಶರ್ಕರ. ಎಲೆ ಸಣ್ಣಗೆ ಹೆಚ್ಚಿದಷ್ಟೂ ಅದು ಹೊರಬರುತ್ತದೆ, ಒದ್ದೆಯಿದ್ದಷ್ಟೂ ಉಬ್ಬುತ್ತದೆ, ಮೊದಲೇ ಉಪ್ಪು ಹಾಕಿದರೆ ಎಲೆಯೊಳಗಿನ ನೀರೂ ಇಳಿದು ಅದರ ಜೊತೆ ಸೇರುತ್ತದೆ, ಮುಚ್ಚಳ ಆ ನೀರನ್ನು ಹೊರಗೆ ಹೋಗಲು ಬಿಡುವುದಿಲ್ಲ. ಮರುಸಲ ಎಲ್ಲವನ್ನೂ ತಲೆಕೆಳಗು ಮಾಡಿದೆ. ಬೆಳಗ್ಗೆಯೇ ತೊಳೆದು ಬಟ್ಟೆಯ ಮೇಲೆ ಹರಡಿ ಒಣಗಿಸಿದೆ. ಎಲೆಯನ್ನು ಕೈಯಿಂದ ಎರಡು ತುಂಡು ಮಾಡಿದೆ, ಅಷ್ಟೇ. ಅಗಲವಾದ ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಂದು ಹಿಡಿ ಎಲೆ. ಒಂದೇ ಹಿಡಿ; ಎರಡು ಹಾಕಿದರೆ ಬಾಣಲೆ ತಣ್ಣಗಾಗಿ ಎಲೆ ಹುರಿಯುವ ಬದಲು ಬೇಯತೊಡಗುತ್ತದೆ. ಒಂದು ನಿಮಿಷ ಕೈಯಾಡಿಸಿ, ಕೆಳಗಿಳಿಸಿದ ಮೇಲೆ ಉಪ್ಪು, ನಿಂಬೆರಸ. ಎಲೆ ಹೊಳೆಯುತ್ತಿತ್ತು, ಕಚ್ಚಿದರೆ ತಿರುಳು ಸಿಗುತ್ತಿತ್ತು, ಎಳೆ ಬರಲಿಲ್ಲ. ಮಗಳು ಎರಡನೆಯ ಸಲ ಹಾಕಿಸಿಕೊಂಡಳು.

ಹಾಗೆಂದು ಲೋಳೆಯನ್ನು ಶತ್ರುವೆಂದು ನೋಡಬೇಕಿಲ್ಲ. ಬೇಳೆ ಬೇಯುತ್ತಿರುವಾಗ ಬಲಿತ ಬಸಳೆ ಎಲೆಯನ್ನೂ ಬಸಳೆಯ ಎಳೆಯ ಕಾಂಡವನ್ನೂ ಹಾಕಿದರೆ ಅದೇ ಲೋಳೆ ಸಾರನ್ನು ಹಿಟ್ಟಿನ ಸಹಾಯವಿಲ್ಲದೆ ಮಂದ ಮಾಡುತ್ತದೆ. ಈಗ ನಮ್ಮ ಮನೆಯಲ್ಲಿ ಎಳೆಯ ಎಲೆ ಬಾಣಲೆಗೆ, ಬಲಿತದ್ದು ಬೇಳೆಗೆ.

ದಂಟಿನ ವಿಷಯದಲ್ಲಿ ಅತ್ತೆಯವರಿಗೂ ನನಗೂ ಜಗಳ. ಕೆಂಪು ದಂಟನ್ನು ಕುದಿಸಿದರೆ ನೀರು ಬೀಟ್‌ರೂಟಿನಂತೆ ಕೆಂಪಾಗುತ್ತದೆ. ಸಾದೃಶ್ಯ ಆಕಸ್ಮಿಕವಲ್ಲ, ಎರಡರಲ್ಲೂ ಇರುವುದು ಬೀಟಾಲೈನ್ ಎಂಬ ಒಂದೇ ಬಗೆಯ ಬಣ್ಣ, ಅದು ನೀರಿನಲ್ಲಿ ಕರಗುತ್ತದೆ. ನಾನು ಆ ನೀರನ್ನು ಚೆಲ್ಲುತ್ತಿದ್ದೆ. "ಸತ್ವವೆಲ್ಲ ಮೋರಿಗೆ ಹೋಯಿತು" ಎಂದು ಅತ್ತೆಯವರ ದೂರು. ಅವರ ಮಾತಿನಲ್ಲಿ ಹುರುಳಿತ್ತು. ಸಿ ಜೀವಸತ್ವವೂ ಫೋಲೇಟೂ ಆ ನೀರಿಗೆ ಇಳಿಯುತ್ತವೆ. ನನ್ನ ಮಾತಿನಲ್ಲೂ ಹುರುಳಿತ್ತು. ದಂಟಿನಲ್ಲಿ ಆಕ್ಸಲೇಟ್ ಹೆಚ್ಚು, ಕುದಿಸಿ ಬಸಿದರೆ ಅದರಲ್ಲಿ ಕರಗುವ ಪಾಲು ನೀರಿನೊಂದಿಗೆ ಹೋಗುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗಿ ನರಳಿದವರಿಗೆ ಅದು ಹೋಗುವುದೇ ಒಳ್ಳೆಯದು. ನಮ್ಮವರಿಗೆ ಒಮ್ಮೆ ಕಲ್ಲಾಗಿತ್ತು. ರಾಜಿಯೆಂದರೆ, ಅವರ ಪಾಲನ್ನು ಹೆಚ್ಚು ನೀರಿನಲ್ಲಿ ಮೂರು ನಿಮಿಷ ಕುದಿಸಿ ಬಸಿಯುವುದು. ನಮ್ಮ ಪಾಲಿನ ಎಳೆಸೊಪ್ಪನ್ನು ಎಣ್ಣೆಯಲ್ಲಿ ನೇರ ಬಾಡಿಸುವುದು. ಎಣ್ಣೆ ಬೇಕೇ ಬೇಕು, ಎಲೆಯ ಕ್ಯಾರೋಟಿನ್ ಮೈಗೆ ಹತ್ತುವುದು ಕೊಬ್ಬಿನ ಜೊತೆ ಸೇರಿದಾಗ. ಬಲಿತ ಕಾಂಡದ ನಾರನ್ನು ಬುಡದಿಂದ ಎಳೆದು ತೆಗೆದು ಮೊದಲು ಹಾಕಿ, ಅದು ಬೆಂದ ಮೇಲೆ ಎಲೆ.

ಹಸಿರು ಉಳಿಯಲಿ ಎಂದು ಒಮ್ಮೆ ಚಿಟಿಕೆ ಅಡುಗೆ ಸೋಡಾ ಹಾಕಿದ್ದೂ ಉಂಟು. ಬಣ್ಣ ಪಚ್ಚೆಯಂತೆ ಬಂತು, ಸೊಪ್ಪು ಅಂಬಲಿಯಂತೆ ಆಯಿತು. ಹಸಿರು ಮಾಸುವುದು ಎಲೆಯೊಳಗಿನ ಆಮ್ಲದಿಂದ. ಮುಚ್ಚಳ ತೆರೆದಿಟ್ಟರೆ ಅದರಲ್ಲಿ ಸ್ವಲ್ಪ ಆವಿಯಾಗಿ ಹೋಗುತ್ತದೆ, ಸೋಡಾದ ಹಂಗು ಬೇಡ.

ಗೋಣಿಸೊಪ್ಪನ್ನು ಅಭ್ಯಾಸಬಲದಿಂದ ಕಬ್ಬಿಣದ ಬಾಣಲೆಯಲ್ಲಿ ಮಾಡಿದೆ. ಹುಳಿ ಕಬ್ಬಿಣಕ್ಕೆ ತಗುಲಿ ಬಣ್ಣ ಕಪ್ಪಾಯಿತು, ನಾಲಗೆಗೆ ಮೊಳೆ ನೆಕ್ಕಿದ ರುಚಿ. ಅದಕ್ಕೆ ಸ್ಟೀಲ್ ಪಾತ್ರೆ, ಅಥವಾ ಪಾತ್ರೆಯೇ ಬೇಡ: ಬೆಳಗ್ಗೆ ಕೊಯ್ದ ಕುಡಿಗಳನ್ನು ಹಸಿ ಈರುಳ್ಳಿ, ಮೊಸರಿನ ಜೊತೆ ಕಲಸಿದರೆ ಒಲೆ ಹಚ್ಚುವ ಕೆಲಸವೇ ಇಲ್ಲ. ಬೇಸಿಗೆಯಲ್ಲಿ ನನಗೆ ಅದೇ ಹೆಚ್ಚು ಇಷ್ಟ.

ಹಸಿಯಾಗಿ ತಿನ್ನುವ ಮಾತು ಎಲ್ಲ ಸೊಪ್ಪಿಗೂ ಸಲ್ಲದು. ಬೇಲಿಯಂಚಿಗೆ ನೆಟ್ಟ ಚಕ್ರಮುನಿ ಸೆಖೆಯಲ್ಲಿ ಚೆನ್ನಾಗಿ ಚಿಗುರುತ್ತದೆ; ಅದರ ಹಸಿ ರಸವನ್ನು ಕುಡಿಯಲು ಹಲವರು ಸಲಹೆ ಕೊಟ್ಟರು. ತೈವಾನಿನಲ್ಲಿ 1990ರ ದಶಕದ ಮಧ್ಯದಲ್ಲಿ ತೂಕ ಇಳಿಸಲೆಂದು ಆ ರಸವನ್ನು ದಿನವೂ ಕುಡಿದ ಅನೇಕರ ಶ್ವಾಸಕೋಶ ಮತ್ತೆ ಸರಿಯಾಗದಂತೆ ಕೆಟ್ಟಿತ್ತು. ನಮ್ಮಲ್ಲಿ ಅದು ಅಪರೂಪಕ್ಕೊಮ್ಮೆ, ಒಂದು ಹಿಡಿ, ಚೆನ್ನಾಗಿ ಬೇಯಿಸಿ. ಗೆಣಸಿನ ಕುಡಿಯನ್ನೂ ಬೇಯಿಸಿಯೇ ತಿನ್ನುತ್ತೇವೆ. ಅದನ್ನು ತಿನ್ನಬಹುದಾದರೆ ಆಲೂಗಡ್ಡೆಯ ಎಲೆಯನ್ನೂ ತಿನ್ನಬಹುದಲ್ಲ ಎಂದು ಮಗಳು ಕೇಳಿದ್ದಳು. ಕೂಡದು. ಗೆಣಸು ಬೆಳಗಿನ ಹೊತ್ತು ಹೂ ಅರಳಿಸುವ ಬಳ್ಳಿಗಳ ಕುಲದ್ದು. ಆಲೂಗಡ್ಡೆ ಬದನೆಯ ಕುಲದ್ದು, ಅದರ ಎಲೆಯಲ್ಲಿ ಸೋಲನೈನ್ ಎಂಬ ವಿಷವಿದೆ.

ಹಗಲು ಗಿಡ್ಡವಾಗುತ್ತಾ ಬಂದಂತೆ ಬಸಳೆ ಹೂ ಬಿಟ್ಟಿತು, ಎಲೆ ಸಣ್ಣದಾಯಿತು, ಕಡು ನೇರಳೆ ಹಣ್ಣು ಜೋತುಬಿತ್ತು. ಹಣ್ಣು ಹಿಚುಕಿ ಬೀಜ ತೆಗೆಯುವಾಗ ಅಂಟಿದ ಬಣ್ಣ ಮಗಳ ಶಾಲೆಯ ಅಂಗಿಯಿಂದ ಇನ್ನೂ ಹೋಗಿಲ್ಲ. ನಾಲ್ಕು ಕಡ್ಡಿಗಳು ಅಡುಗೆಮನೆಯ ಕಿಟಕಿಯಲ್ಲಿ ಲೋಟದ ನೀರಿನಲ್ಲಿವೆ. ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ, ಉಳಿದ ಲೆಟ್ಯೂಸ್ ಬೀಜದ ಪೊಟ್ಟಣವಿದೆ. ಬೆಳಗ್ಗೆ ಹೊದಿಕೆ ಎಳೆದುಕೊಳ್ಳುವಷ್ಟು ತಂಪಾದ ದಿನ ಅದನ್ನು ಹೊರಗೆ ತೆಗೆಯುತ್ತೇನೆ.